ಕಾಕು ಹೊಸೆದ ದಾರ

ಆಳಂದ ರಸ್ತೆಯ ಯುನಿವರ್ಸಿಟಿಯಲ್ಲಿ ಸಂಶೋಧನೆ ಮಾಡುವಾಗ ನಾನು ಪಕ್ಕದ ಊರಿನಲ್ಲಿ ಒಂದು ಖೋಲಿ ಹಿಡಿದಿದ್ದೆ. ಅದು ಮೊದಲು ಎತ್ತಿನ ಕೊಟ್ಟಿಗೆ. ಯುನಿವರ್ಸಿಟಿ ಬಂದ ಮೇಲೆ ಆ ಊರವರು ಎತ್ತು ಮಾರಿ, ಗೋದಲಿ ಒಡೆದು, ಟೈಲ್ಸ್ ಹಾಕಿಸಿ ಬಾಡಿಗೆಗೆ ಬಿಟ್ಟಿದ್ದರು. ಎತ್ತು ಕಟ್ಟುವ ಕಬ್ಬಿಣದ ಬಳೆಯೊಂದು ಗೋಡೆಯಲ್ಲಿ ಹಾಗೇ ಉಳಿದಿತ್ತು. ಅದಕ್ಕೆ ನಾನು ಚೀಲ ತೂಗುಹಾಕುತ್ತಿದ್ದೆ. ತೊಗರಿಗಿಂತ ನಮ್ಮ ಸ್ಕಾಲರ್‌ಶಿಪ್ಪೇ ಅಲ್ಲಿ ಒಳ್ಳೆಯ ಬೆಳೆ.

ಕ್ಯಾಂಪಸ್ಸಿನಲ್ಲಿ ಯಾರೂ ಜಾತಿ ಕೇಳುತ್ತಿರಲಿಲ್ಲ. ಬೇವಿನ ಮರದ ಕೆಳಗೆ ಕೇರಳದವರು, ಬಿಹಾರದವರು, ನಾವು ಕೂತು ಸಮಾನತೆಯ ಬಗ್ಗೆ ಗಂಟಲು ಹರಿಯುವಂತೆ ವಾದಿಸುತ್ತಿದ್ದೆವು. ನನ್ನ ದನಿಯೇ ಎಲ್ಲರಿಗಿಂತ ಜೋರು. ಗೇಟು ದಾಟಿ ಊರಿನ ದಾರಿ ಹಿಡಿದರೆ ಅದೇ ಬಾಯಿಗೆ ಬೀಗ.

ಮನೆಯೊಡತಿ ವಿಧವೆ, ಹಣೆ ತುಂಬ ವಿಭೂತಿ. ಚಿಕ್ಕಮ್ಮನನ್ನು ಕರೆಯುವಂತೆ ಎಲ್ಲರೂ ಕಾಕು ಅನ್ನುತ್ತಿದ್ದರು. ಖೋಲಿ ಕೇಳಲು ಹೋದ ದಿನ ಅವರು "ಶರಣ್ರಿ" ಅಂದರು. ನಾನು "ಶರಣು ಶರಣಾರ್ಥಿರಿ" ಎಂದು ಕೈ ಜೋಡಿಸಿದೆ. ಜೇವರ್ಗಿಯ ಮಠದ ಹಾಸ್ಟೆಲಿನಲ್ಲಿ ಓದುವಾಗ ರೂಢಿಯಾದದ್ದು. ಅವರಿಗೆ ಅಷ್ಟು ಸಾಕಾಯಿತು.

"ನಮ್ಮ ಪೈಕಿನೇ ಇದ್ದಿ, ಬಾರವ್ವ" ಎಂದು ಕೀಲಿ ಕೊಟ್ಟರು.

ಅಲ್ಲರಿ ಅನ್ನಬೇಕಿತ್ತು. ಅನ್ನಲಿಲ್ಲ. ಅದಕ್ಕೂ ಮೊದಲು ಮೂರು ಮನೆಗಳಲ್ಲಿ ನಿಜ ಹೇಳಿದ್ದೆ; ಹೇಳಿ ಮುಗಿಸುವಷ್ಟರಲ್ಲಿ ಮೂರೂ ಖೋಲಿಗಳು ಬೇರೆ ಯಾರಿಗೋ ಹೋಗಿಬಿಟ್ಟಿದ್ದವು.

ಬೇಸಿಗೆ ರಜೆ ಬಂತು. ವಿದ್ಯಾರ್ಥಿಗಳೆಲ್ಲ ಹೋದರು. ಝೆರಾಕ್ಸ್ ಅಂಗಡಿ, ಮೆಸ್ಸು, ಚಹಾದ ಅಂಗಡಿ ಒಂದೊಂದಾಗಿ ಬಾಗಿಲು ಹಾಕಿದವು. ಪ್ರಬಂಧ ಮುಗಿಸಲು ನಾನೊಬ್ಬಳೇ ಉಳಿದೆ. ದಿನಗಟ್ಟಲೆ ಮಾತಿಲ್ಲ, ಬರೆದದ್ದನ್ನು ಜೋರಾಗಿ ಓದಿ ನನ್ನ ದನಿಯನ್ನು ನಾನೇ ಕೇಳಿಸಿಕೊಳ್ಳುತ್ತಿದ್ದೆ. ಖಾಲಿ ಖೋಲಿಗಳ ನಡುವೆ ಕಾಕುಗೂ ಬೇಸರ ಬಂದಿರಬೇಕು.

"ಒಬ್ಬಾಕೇ ಏನ್ ಮಾಡ್ತಿ, ಒಳಗ ಬಾ. ಕೂಡಿ ರೊಟ್ಟಿ ಮಾಡೋಣು" ಎಂದು ಒಂದು ಮಧ್ಯಾಹ್ನ ಕರೆದರು.

ಅಂದಿನಿಂದ ಅವರು ಬಡಿಯುವುದು, ನಾನು ಬೇಯಿಸುವುದು, ಒಲೆಯ ಮುಂದೆಯೇ ಇಬ್ಬರೂ ಉಣ್ಣುವುದು. ನನ್ನ ಕೈಯಲ್ಲಿ ಎರಡಕ್ಕೊಂದು ರೊಟ್ಟಿ ಸೀಯುತ್ತಿತ್ತು. "ಪಿಎಚ್‌ಡಿ ಮಾಡಾಕಿಗಿ ರೊಟ್ಟಿ ತಿರುವಾಕ ಬರಂಗಿಲ್ಲ ನೋಡು" ಎಂದು ಛೇಡಿಸುತ್ತಿದ್ದರು. ಆ ರಜೆ ಮುಗಿಯದಿರಲಿ ಅನ್ನಿಸುತ್ತಿತ್ತು.

ರಜೆ ಮುಗಿಯಲು ಬಂದಾಗ ಒಂದು ದಿನ ಅವರು ಬಿಳಿ ನೂಲು ಹೊಸೆಯುತ್ತ ಕೂತಿದ್ದರು. ಇಷ್ಟಲಿಂಗವನ್ನು ಕೊರಳಿಗೆ ಕಟ್ಟಿಕೊಳ್ಳುವ ಶಿವದಾರ.

"ನಿನ್ನ ಕೊರಳಾಗ ಲಿಂಗ ಕಾಣಂಗಿಲ್ಲ. ದಾರ ಹರದಿರಬೇಕು. ನಿನಗಂತೇ ಹೊಸ್ಯಾಕತ್ತೇನಿ" ಅಂದರು.

ಸುಮ್ಮನಿದ್ದು ಅಷ್ಟು ದಿನ ಸಾಗಿಸಿದ್ದೆ. ಆ ದಾರಕ್ಕೆ ಕೊರಳು ಒಡ್ಡಲು ಮಾತ್ರ ನನ್ನಿಂದ ಆಗಲಿಲ್ಲ.

"ಕಾಕು, ನಾವು ಬೌದ್ಧರಿದ್ದೇವ್ರಿ. ನೆಲೋಗಿ ಕಡಿ ಊರ ಹೊರಗಿನ ಕೇರಿಯಾಗ ನಮ್ಮ ಮನಿ."

ಅವರು ತಲೆ ಎತ್ತಲಿಲ್ಲ. ಹೊಸೆದ ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ನಾನು ಎದ್ದು ಬಂದೆ.

ಮರುದಿನದಿಂದ ರೊಟ್ಟಿ ನನ್ನ ಖೋಲಿಯ ಹೊಸ್ತಿಲಿಗೆ ಬರತೊಡಗಿತು. ಬಿಸಿಯಾಗಿಯೇ ಇರುತ್ತಿತ್ತು, ಜೊತೆಗೆ ನಂಚಿಕೊಳ್ಳಲು ಶೇಂಗಾ ಹಿಂಡಿಯೂ. ಒಳಗೆ ಬಾ ಅನ್ನುವುದು ಮಾತ್ರ ನಿಂತಿತು. ಖೋಲಿ ಬಿಡು ಅಂದಿದ್ದರೆ ಜಗಳವಾಡಬಹುದಿತ್ತು. ಹೊಸ್ತಿಲ ಮೇಲಿನ ಬಿಸಿ ರೊಟ್ಟಿಯ ಜೊತೆ ಏನೆಂದು ಜಗಳವಾಡಲಿ? ಅಳುತ್ತಲೇ ತಿನ್ನುತ್ತಿದ್ದೆ.

ಖೋಲಿ ಬಿಡುವ ದಿನ ಕೀಲಿ ಕೊಡುತ್ತ ಕೇಳಿದೆ: "ಮೊದಲ ದಿನಾನೇ ಹೇಳಿದ್ರ ಖೋಲಿ ಕೊಡ್ತಿದ್ರೇನ್ರಿ ಕಾಕು?"

"ಇಲ್ಲವ್ವ, ಕೊಡ್ತಿದ್ದಿಲ್ಲ" ಅಂದರು. ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತ, "ನೀ ಹೇಳಲಿಲ್ಲಂತೇ ಒಂದು ರಜಾ ನಾ ಒಬ್ಬಾಕೇ ಉಣಲಿಲ್ಲ" ಅಂದರು.

ಈಗ ಅಫಜಲಪುರದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಖೋಲಿ ಕೇಳುವಾಗ ಮೊದಲೇ ಹೇಳಿಬಿಡುತ್ತೇನೆ. ಹಾಗಾಗಿ ಸಿಕ್ಕದ್ದು ಗೋದಾಮಿನ ಮೇಲಿನ ಖೋಲಿ. ಕೆಳಗೆ ಯಾರೂ ಇಲ್ಲ. ಸಂಜೆ ಒಬ್ಬಳೇ ರೊಟ್ಟಿ ಬಡಿಯುತ್ತೇನೆ. ಈಗ ಒಂದೂ ಸೀಯುವುದಿಲ್ಲ. ಕಾಕುಗೆ ತೋರಿಸಬೇಕು ಅನ್ನಿಸುತ್ತದೆ.