ಸಿಲಿಂಡರ್ ಇಲ್ಲದ ಮನೆ

ಅಮೆರಿಕದ ಡಬ್ಲಿನ್ನಿನ ಈ ಮನೆಗೆ ಬಂದಾಗ ನನಗೂ ನನ್ನ ಗಂಡನಿಗೂ ಆದ ಮೊದಲ ಜಗಳ ಟಿವಿ ಎಲ್ಲಿಡಬೇಕು ಎಂಬುದರ ಮೇಲೆ. ಲಿವಿಂಗ್ ರೂಮಿನ ಒಳ್ಳೆಯ ಗೋಡೆಯನ್ನೆಲ್ಲ ಫೈರ್‌ಪ್ಲೇಸು ನುಂಗಿ ಕೂತಿತ್ತು. ಅದರ ಮೇಲೆ ತೂಗುಹಾಕೋಣ ಎಂದು ಅವನು, ಕತ್ತೆತ್ತಿ ನೋಡಿ ನೋಡಿ ಅಮ್ಮನ ಕುತ್ತಿಗೆ ಹಿಡಿದುಕೊಳ್ಳುತ್ತದೆ ಎಂದು ನಾನು. ಗೆದ್ದವಳು ನಾನೇ. ನಾವು ಯಾವತ್ತೂ ಬೆಂಕಿ ಹಚ್ಚದ ಒಲೆಗೆ ಇಷ್ಟೊಂದು ಮರ್ಯಾದೆ ಯಾಕೆ ಎಂದುಕೊಂಡು, ಉದ್ದನೆಯ ಮರದ ಕ್ಯಾಬಿನೆಟ್ಟೊಂದನ್ನು ತರಿಸಿ ಅದರ ಬಾಯಿಗೆ ಅಡ್ಡ ಇಡಿಸಿದೆ. ಟಿವಿ ಅದರ ಮೇಲೆ ಕೂತಿತು. ಕ್ಯಾಬಿನೆಟ್ಟು ಗೋಡೆಗೆ ಒತ್ತದೆ ಒಂದಿಷ್ಟು ಮುಂದೆ ನಿಂತಿತ್ತು. ನಾನೇ ಸೊಂಟ ಕೊಟ್ಟು ತಳ್ಳಿದೆ. ಹಿಂದೆ ಏನೋ ಕಟಕ್ಕೆಂದಿತು, ಆಮೇಲೆ ಸರಿಯಾಗಿ ಕೂತುಕೊಂಡಿತು. ವಾರ ಕಳೆಯುವಷ್ಟರಲ್ಲಿ ಅಲ್ಲೊಂದು ಫೈರ್‌ಪ್ಲೇಸು ಇದೆ ಎನ್ನುವುದೇ ನಮಗೆ ಮರೆತುಹೋಯಿತು.

ಮರೆವಿನ ಆರೋಪ ಮಾತ್ರ ಅಮ್ಮನ ಮೇಲಿತ್ತು. ಅಪ್ಪ ಹೋದಮೇಲೆ ಅವಳು ಮೈಸೂರು ಬಿಟ್ಟು ನಮ್ಮ ಜೊತೆಗೇ ಇದ್ದಳು. ಆಗಾಗ ಹೆಸರುಗಳು ನಾಲಿಗೆಗೆ ಬರುತ್ತಿರಲಿಲ್ಲ; ಒಮ್ಮೆ ಅವಳ ಕನ್ನಡಕ ಫ್ರಿಜ್ಜಿನಲ್ಲಿ ಸಿಕ್ಕಿತು. ಬೇರೆಯವರ ಮನೆಯಲ್ಲಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರೋ ಏನೋ. ನಮ್ಮ ಅಜ್ಜಿ, ಅಂದರೆ ಅಮ್ಮನ ಅಮ್ಮ, ಕೊನೆಯ ಆರು ವರ್ಷ ಹೆತ್ತ ಮಕ್ಕಳನ್ನೇ ಗುರುತು ಹಿಡಿಯಲಿಲ್ಲ. ಅಮ್ಮನಿಗೆ ಸಾವಿನ ಭಯವಿರಲಿಲ್ಲ, ಇದರ ಭಯವಿತ್ತು.

"ನಾನೂ ಅಮ್ಮನ ಥರ ಆಗ್ತಿದೀನಿ ಅನ್ನಿಸಿದ್ರೆ ಹೇಳ್ಬಿಡೇ, ಮುಚ್ಚಿಡಬೇಡ," ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು.

ಕಿವಿ ಮಂದವಾಗಿದ್ದರಿಂದ ಅವಳ ಕುರ್ಚಿ ಟಿವಿಗೆ ತೀರ ಹತ್ತಿರ. ಗಂಡ ಆಫೀಸಿಗೆ ಹೋಗಿ ನಾನು ಮನೆಯಲ್ಲೇ ಕೆಲಸಕ್ಕೆ ಕೂತಮೇಲೆ ಹಗಲೆಲ್ಲ ಅಲ್ಲೇ ಧಾರಾವಾಹಿ ನೋಡುತ್ತಿದ್ದಳು. ಫೆಬ್ರವರಿಯ ಒಂದು ಬೆಳಿಗ್ಗೆ, ಹೊರಗೆ ಗಾಳಿ ಬೀಸುತ್ತಿದ್ದಾಗ, ನನ್ನ ಮೀಟಿಂಗಿನ ಮಧ್ಯೆ ಬಾಗಿಲಲ್ಲಿ ಬಂದು ನಿಂತಳು.

"ಸಿಲಿಂಡರ್ ಆಫ್ ಮಾಡಿದ್ಯೇನೇ? ವಾಸನೆ ಬರ್ತಿದೆ."

ಮೈಸೂರಿನ ಮನೆಯಲ್ಲಿ ಅಡುಗೆ ಮುಗಿದ ಕೂಡಲೇ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿ ಮುಚ್ಚುವುದು ಬಾಗಿಲಿಗೆ ಬೀಗ ಹಾಕಿದಷ್ಟೇ ಕಡ್ಡಾಯವಾಗಿತ್ತು. ಮದುವೆಗೆ ಹೊರಟ ಟ್ಯಾಕ್ಸಿಯನ್ನು ಅರ್ಧ ದಾರಿಯಿಂದ ವಾಪಸು ತಿರುಗಿಸಿ ಅಮ್ಮ ಅದನ್ನು ನೋಡಿಬಂದದ್ದುಂಟು. ಆದರೆ ಈ ಮನೆಯದು ಕರೆಂಟಿನ ಒಲೆ. ಸಿಲಿಂಡರ್ ಎನ್ನುವ ವಸ್ತುವೇ ಇಲ್ಲಿಲ್ಲ.

"ಅಮ್ಮ, ಇದು ಮೈಸೂರಲ್ಲ," ಎಂದೆ. ಅವಳು ನನ್ನನ್ನೇ ಒಂದು ಗಳಿಗೆ ನೋಡಿ, "ಹೌದಲ್ವಾ," ಎಂದು ಹಿಂದಕ್ಕೆ ಹೋದಳು. ಆ "ಹೌದಲ್ವಾ" ಕೇಳಿ ನನಗೆ ಅಜ್ಜಿಯ ನೆನಪಾಯಿತು.

ನಾನು ಮೂಸಿ ನೋಡಲಿಲ್ಲವೇ? ನೋಡಿದೆ. ಮರಗಳು ಹೂಬಿಡುವ ಕಾಲದಲ್ಲಿ ಈ ಊರಿನ ಗಾಳಿಯೇ ನನಗಾಗದು. ಜನವರಿಯಿಂದ ಮೇ ತನಕ ನನ್ನ ಮೂಗು ಇದ್ದೂ ಇಲ್ಲದ ಹಾಗೆ. ಗಂಡ ಬರುತ್ತಿದ್ದದ್ದು ಸಂಜೆ, ಅಷ್ಟರಲ್ಲಿ ಒಗ್ಗರಣೆಯ ಘಾಟು ಮನೆ ತುಂಬಿರುತ್ತಿತ್ತು. "ಇಂಗಿನ ವಾಸನೆ ಇರ್ಬೇಕು," ಎಂದ. ಗಾಳಿಯಿಲ್ಲದ ದಿನ ಅಮ್ಮನೇ "ಇವತ್ತಿಲ್ಲ" ಎನ್ನುತ್ತಿದ್ದಳು. ಹೀಗೆ ಬಂದು ಹೋಗುವ ವಾಸನೆ ಎಲ್ಲಾದರೂ ಉಂಟೇ ಎಂದು ನನ್ನ ಇಂಜಿನಿಯರ್ ಬುದ್ಧಿ ತರ್ಕ ಮಾಡಿತು. ಒಂದು ಮಧ್ಯಾಹ್ನ ನೋಡಿದರೆ ಅಮ್ಮ ಸಿಂಕಿನ ಕೆಳಗಿನ ಬಾಗಿಲು ತೆರೆದು, ನೆಲದ ಮೇಲೆ ಕೂತು, ರೆಗ್ಯುಲೇಟರಿಗಾಗಿ ಕೈಯಾಡಿಸುತ್ತಿದ್ದಳು. ಅವತ್ತೇ ಡಾಕ್ಟರ ಅಪಾಯಿಂಟ್‌ಮೆಂಟು ತೆಗೆದುಕೊಂಡೆ.

ಪಕ್ಕದೂರು ವಾಲ್ನಟ್ ಕ್ರೀಕಿನ ಆ ಡಾಕ್ಟರು ಒಳ್ಳೆಯವರು. ಅಮ್ಮನಿಂದ ಗಡಿಯಾರದ ಚಿತ್ರ ಬರೆಸಿದರು, ಐದು ಪದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳಿದರು. ಮೂರು ಹೇಳಿದಳು. ವಯಸ್ಸಿಗೆ ತಕ್ಕ ಮರೆವು ಎಂದು ಅವರು ಕಾಗದ ಮುಚ್ಚುವುದರಲ್ಲಿದ್ದಾಗ ನಾನೇ ಬಾಯಿ ಹಾಕಿದೆ: ಇಲ್ಲದ ಗ್ಯಾಸಿನ ವಾಸನೆ ಬರುತ್ತದಂತೆ, ಇಲ್ಲದ ಸಿಲಿಂಡರ್ ಹುಡುಕುತ್ತಾಳೆ. ಮನೆಯಲ್ಲಿ ಗ್ಯಾಸು ಇಲ್ಲವೇ ಎಂದು ಅವರು ಕೇಳಿದರು. ಇಲ್ಲ ಎಂದೆ. ಅಷ್ಟು ಖಡಾಖಂಡಿತವಾಗಿ ನಾನು ಬೇರೇನನ್ನೂ ಹೇಳಿದ ನೆನಪಿಲ್ಲ. ಅವರು ಮತ್ತೆ ಪೆನ್ನು ತೆಗೆದುಕೊಂಡು ಮರೆವಿನ ಕಾಯಿಲೆಗೆ ಔಷಧ ಬರೆದರು.

ಮಾತು ಕೊಟ್ಟಿದ್ದೆನಲ್ಲ, ಫ್ರೀವೇಯಲ್ಲಿ ಬರುತ್ತ ಹೇಳಿಯೇಬಿಟ್ಟೆ. "ಅಮ್ಮ, ಆ ವಾಸನೆ ಮನೇಲಿಲ್ಲ. ನಿನ್ನ ತಲೇಲಿದೆ."

ಡಬ್ಲಿನ್ನಿಗೆ ಇಳಿಯುವ ಎಕ್ಸಿಟ್ ಬಂದಾಗ ಅವಳು ಕೇಳಿದ್ದು ಒಂದೇ: "ಎಷ್ಟು ದಿನ ಸಿಗುತ್ತಂತೆ ನಂಗೆ?"

ಅವತ್ತಿನಿಂದ ವಾಸನೆಯ ಸುದ್ದಿ ಎತ್ತಲಿಲ್ಲ. ಬೆಳಿಗ್ಗೆ ತಲೆನೋವು ಎನ್ನುತ್ತಿದ್ದಳು, ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ಔಷಧದ ಪರಿಣಾಮ ಎಂದುಕೊಂಡೆ. ಒಂದು ಸಂಜೆ, ಮಳೆಗಾಳಿ ಜೋರಾಗಿದ್ದಾಗ, ದೇವರ ದೀಪ ಹಚ್ಚಲು ಮಾತ್ರ ಅವಳ ಕೈ ಏಳಲಿಲ್ಲ. ದೇವರಿದ್ದದ್ದು ಅಡುಗೆಮನೆಯ ಕಪಾಟಿನಲ್ಲಿ, ಟಿವಿಯಿಂದ ಹತ್ತು ಹೆಜ್ಜೆ. ಬೆಂಕಿಪೊಟ್ಟಣ ಹಿಡಿದು ನಿಂತೇ ಇದ್ದಳು.

"ಇವತ್ತು ಬೇಡ ಕಣೇ. ನಂಗೆ ಯಾಕೋ ಧೈರ್ಯ ಬರ್ತಿಲ್ಲ."

ಹುಟ್ಟಿದಂದಿನಿಂದ ಅಮ್ಮ ದೀಪ ತಪ್ಪಿಸಿದ್ದನ್ನು ನಾನು ನೋಡಿಲ್ಲ. ಇದು ಕಾಯಿಲೆಯ ಮುಂದಿನ ಮೆಟ್ಟಿಲು ಎಂದು ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. ಅವಳ ಕೈಯಿಂದ ಪೊಟ್ಟಣ ಕಿತ್ತುಕೊಂಡು ಕಡ್ಡಿ ಗೀರಿದೆ. ಅಮ್ಮ ಕಣ್ಣು ಮುಚ್ಚಿಕೊಂಡಳು. ಪ್ರಾರ್ಥನೆಗೆ ಎಂದುಕೊಂಡೆ. ದೀಪ ಹತ್ತಿತು, ಏನೂ ಆಗಲಿಲ್ಲ. "ನೋಡಿದ್ಯಾ?" ಎಂದೂ ಅಂದೆ.

ನಾಲ್ಕು ದಿನದ ಮೇಲೆ ಇಂಟರ್ನೆಟ್ ಸರಿಮಾಡಲು ಒಬ್ಬ ನಡುವಯಸ್ಸಿನವನು ಬಂದ. ವೈರು ನೋಡಲು ಕ್ಯಾಬಿನೆಟ್ಟನ್ನು ಒಂದು ಗೇಣು ಮುಂದಕ್ಕೆಳೆದು ಬಗ್ಗಿದವನು ಹಾಗೆಯೇ ಹಿಂದೆ ಸರಿದ. ಸ್ವಿಚ್ಚು ಮುಟ್ಟಬೇಡಿ, ಎಲ್ಲರೂ ಹೊರಗೆ ನಡೆಯಿರಿ ಎಂದ. ದನಿ ಏರಿಸಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ರಸ್ತೆಯಂಚಿನಲ್ಲಿ ಅಮ್ಮನನ್ನು ಹಿಡಿದುಕೊಂಡು ನಿಂತೆ. ಅವನೇ ಫೋನು ಮಾಡಿ ಕರೆಸಿದ ಗ್ಯಾಸ್ ಕಂಪನಿಯವನು ಬಂದು, ಒಳಗೆ ಹೋಗಿ, ಅರ್ಧ ಗಂಟೆಯ ಮೇಲೆ ಈಚೆ ಬಂದ. ಫೈರ್‌ಪ್ಲೇಸಿಗೆ ಬರುವ ಗ್ಯಾಸಿನ ಕೊಳವೆಯನ್ನು ತೆರೆದು ಮುಚ್ಚುವ ಕೀಲಿ ಗೋಡೆಯಲ್ಲೇ ಉಳಿದಿತ್ತಂತೆ, ಕ್ಯಾಬಿನೆಟ್ಟಿನ ಬೆನ್ನು ಅದನ್ನು ಒತ್ತಿ ಕೊಂಚ ತಿರುಗಿಸಿತ್ತಂತೆ. ಹೆಚ್ಚಿನದು ಚಿಮಣಿ ಹಿಡಿದು ಮೇಲೆ ಹೋಗಿದೆ, ಗಾಳಿ ಕೆಳಕ್ಕೆ ತಳ್ಳಿದಾಗ ಮಾತ್ರ ಒಳಗೆ ಬಂದಿದೆ, ನಿಮ್ಮ ಪುಣ್ಯ ಎಂದ. ಆಮೇಲೆ ಕೇಳಿದ: ಇಷ್ಟು ದಿನ ಮನೆಯಲ್ಲಿ ಯಾರಿಗೂ ವಾಸನೆ ಬರಲಿಲ್ಲವೇ?

ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. "ನಿಂಗೆ ಬಂದಿತ್ತಲ್ಲ ಅಮ್ಮ. ನೀನೇ ಸರಿ. ತಪ್ಪು ನಂದು."

ಅವಳು ತಲೆಯಾಡಿಸಿದಳು. "ನಂಗೊತ್ತಿಲ್ಲ ಕಣೇ. ನನ್ನ ತಲೆ ಸರಿ ಇಲ್ವಲ್ಲ, ನನ್ನ ಕೇಳಿದ್ರೆ ಏನು ಹೇಳ್ಲಿ?"

ಎಷ್ಟು ಸಲ ಹೇಳಿದರೂ ಅಷ್ಟೇ. ಡಾಕ್ಟರಿಂದ ಹೇಳಿಸಿದೆ. ಅವರೂ ಪಾಪ, ಎರಡೆರಡು ಸಲ ಕ್ಷಮೆ ಕೇಳಿದರು. ಅಮ್ಮ ಎಲ್ಲದಕ್ಕೂ ಹೂಂಗುಟ್ಟಿದಳು, ಯಾವುದನ್ನೂ ನಂಬಲಿಲ್ಲ. ಸಾರಿಗೆ ಉಪ್ಪು ಸಾಕೇ, ಫೋನು ರಿಂಗಾದದ್ದು ನಿಜವೇ, ಎಲ್ಲವನ್ನೂ ನನ್ನನ್ನು ಕೇಳಿಯೇ ನಿಶ್ಚಯಿಸಿಕೊಳ್ಳುವಂತಾದಳು.

ಮೊನ್ನೆ ಭಾನುವಾರ ಮಧ್ಯಾಹ್ನ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಹಾಲು ಸೀದ ವಾಸನೆ ಬರ್ತಿದೆಯೇನೇ? ಇಲ್ಲಾ, ನಂಗೆ ಮಾತ್ರಾನಾ?"

"ನಂಗೂ ಬರ್ತಿದೆ ಅಮ್ಮ," ಎಂದು ಎದ್ದೆ. ನನ್ನ ಮೂಗು ಕಟ್ಟಿತ್ತು.

ಅಡುಗೆಮನೆಯಲ್ಲಿ ಒಲೆಯ ಮೇಲೆ ಏನೂ ಇರಲಿಲ್ಲ. ಮುಟ್ಟಿ ನೋಡಿದೆ, ತಣ್ಣಗಿತ್ತು. ಹಾಲು ಫ್ರಿಜ್ಜಿನಲ್ಲಿ, ಡಬ್ಬದ ಮುಚ್ಚಳವನ್ನೇ ತೆರೆದಿರಲಿಲ್ಲ. ಗ್ಯಾಸಿನ ಕೀಲಿ, ಗೋಡೆಯ ಪ್ಲಗ್ಗುಗಳು, ಗರಾಜು, ಹಿತ್ತಲು, ಒಂದೂ ಬಿಡದೆ ನೋಡಿದೆ. ಗಂಡನನ್ನು ಕರೆದು ಮೂಸಿಸಿದೆ. ಎಲ್ಲಿಯೂ ಏನೂ ಇರಲಿಲ್ಲ.

ವಾಪಸು ಬಂದಾಗ ಅಮ್ಮ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹಾಲು ಇಟ್ಟು ಮರೆತಿದ್ದೆ," ಎಂದೆ. "ಆಫ್ ಮಾಡಿದೆ."

"ಸದ್ಯ," ಎಂದಳು ಅಮ್ಮ. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಬಂತು. "ಹಾಗಾದ್ರೆ ನಾನು ಸರಿಯಾಗೇ ಇದೀನಿ."