ಆರು ಗಾಲಿಯಲ್ಲಿ ಕೆರೆ ದಾಟಿದ್ದು

ಗುಳು ಗುಳು ಗುಳು. ಬಿಂದಿಗೆಯನ್ನು ನೀರಿನ ತೊಟ್ಟಿಗೆ ಅದ್ದಿದಾಗ ಬರುವ ಸದ್ದು. ಅವತ್ತು ಅದು ನನ್ನ ಕಾಲಡಿಯಿಂದ ಬರುತ್ತಿತ್ತು. ಗುಂಡ್ಲುಪೇಟೆ ಕಡೆಯ ಕೆರೆಯೊಂದರಲ್ಲಿ, ದಡದಿಂದ ಎರಡು ಮಾರು ಒಳಗೆ, ಗಾಡಿಯಲ್ಲಿ ಕೂತಿದ್ದೆ. ಸೀರೆಯ ಅಂಚು ನೆನೆದ ಮೇಲೆಯೇ ಅರ್ಥವಾದದ್ದು, ವಿ ಆರ್ ಸಿಂಕಿಂಗ್ ಎಂದು.

ಎರಡು ಸಾವಿರದ ಐದೋ ಆರೋ ಇರಬೇಕು. ನಮ್ಮ ಯಜಮಾನರು ತೀರಿಕೊಂಡು ವರ್ಷ ತುಂಬುವುದರಲ್ಲಿತ್ತು. ನಮ್ಮವರಲ್ಲಿ ಹೂಳುವ ಪದ್ಧತಿ. ಅವರ ಸಮಾಧಿ ಆ ಕೆರೆಯ ಆಚೆ ದಡದಲ್ಲಿ, ನಮ್ಮ ಪಾಲಿನ ತೆಂಗಿನ ತೋಟದಲ್ಲಿದೆ. ಅಲ್ಲಿಗಿದ್ದ ಒಂದೇ ದಾರಿ ನನ್ನ ಮೈದುನನ ಹೊಲದ ಮೇಲೆ. ತೋಟವನ್ನು ಅವನ ಹೆಸರಿಗೆ ಬರೆದುಕೊಡಲು ನಾನು ಒಪ್ಪಲಿಲ್ಲವೆಂದು ಅವನು ದಾರಿಗೆ ಮುಳ್ಳುತಂತಿ ಎಳೆಸಿ, ಗೇಟಿಗೆ ಬೀಗ ಜಡಿದ.

"ಚಾಮರಾಜನಗರದಲ್ಲಿ ಫ್ಯಾನ್ ಕೆಳ್ಗೆ ಕೂತಿರೋರ್ಗೆ ತ್ವಾಟ ಯಾಕತ್ತಿಗೆ?" ಎಂದ.

ತೋಟ ಯಾರಿಗೆ ಬೇಕಿತ್ತು? ವರ್ಷದ ದಿನ ಗಂಡನ ಸಮಾಧಿಗೆ ನಾಲ್ಕು ಬಿಲ್ವಪತ್ರೆ ಇಡಲು ನಾನು ಯಾರ ಪರ್ಮಿಷನ್ ಕೇಳಬೇಕು? ವಕೀಲರನ್ನು ಕಂಡರೆ, ಕೋರ್ಟೆಂದರೆ ವರ್ಷಗಟ್ಟಲೆ ಮೇಡಂ ಎಂದರು. ಕೆರೆಯ ದಡವೆಲ್ಲ ಹೂಳು ಮತ್ತು ಜೊಂಡು. ಟ್ರ್ಯಾಕ್ಟರು ಹೂತುಹೋಗುತ್ತದೆ, ತೆಪ್ಪ ಸಿಕ್ಕಿಕೊಳ್ಳುತ್ತದೆ.

ಊಟಿ ರಸ್ತೆಯಲ್ಲಿ ಮುಚ್ಚಿಹೋದ ರೆಸಾರ್ಟೊಂದರ ಶೆಡ್ಡಿನಲ್ಲಿ ಆ ಗಾಡಿ ಸಿಕ್ಕಿತು. ಆರು ದಪ್ಪ ಗಾಲಿ, ಸ್ಟಿಯರಿಂಗಿನ ಬದಲು ಎರಡು ಲಿವರು, ಮೈಯೆಲ್ಲ ಒಂದೇ ಪ್ಲಾಸ್ಟಿಕ್ ತೊಟ್ಟಿ. ಒಳಗೆ ಕೋಳಿ ಕಾವಿಗೆ ಕೂತಿತ್ತು. "ಆಂಫಿಬಿಯಸ್ ಮೇಡಂ, ಲ್ಯಾಂಡ್ ಆಂಡ್ ವಾಟರ್," ಎಂದ ಅಲ್ಲಿದ್ದ ಮಲಯಾಳಿ ಮ್ಯಾನೇಜರು. ಕೋಳಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೊಂಡೆ.

ಗುಂಡ್ಲುಪೇಟೆಯ ಜೀಪ್ ಮೆಕ್ಯಾನಿಕ್ಕಿನ ಹತ್ತಿರ ರಿಪೇರಿಗೆ ಬಿಟ್ಟೆ. ನೀರಿಗಿಳಿಸುವ ವಿಷಯ ಮಾತ್ರ ಹೇಳಲಿಲ್ಲ. ಅವನ ಗ್ಯಾರೇಜಿನ ಪಕ್ಕದಲ್ಲೇ ಟೀ ಅಂಗಡಿ; ಅಲ್ಲಿ ಆಡಿದ ಮಾತು ಸಂಜೆಯೊಳಗೆ ಮೈದುನನ ಕಿವಿಗೆ ಬೀಳುತ್ತಿತ್ತು. ಪಾಪ, ಮೆಕ್ಯಾನಿಕ್ಕು ಶ್ರದ್ಧೆಯಿಂದಲೇ ಮಾಡಿದ. ತುಕ್ಕು ಹಿಡಿದ ಚೈನುಗಳನ್ನು ಕಿತ್ತು ಅಕ್ಕಿ ಗಿರಣಿಯ ಚೈನು ಕೂಡಿಸಿದ, ಕಾರ್ಬೊರೇಟರು ತೊಳೆದ. ವರ್ಷದ ಪೂಜೆಗೆ ಮೂರು ದಿನವಿದೆ ಎನ್ನುವಾಗ ಟ್ರಯಲ್ಲಿಗೆ ಅವನನ್ನೂ ಕೂರಿಸಿಕೊಂಡು, ಜೊಂಡಿನ ಮರೆಯಲ್ಲಿ ನೀರಿಗಿಳಿಸಿದೆ. ಗುಳು ಗುಳು.

"ಅಮ್ಮಾವ್ರೇ, ಇದೇನು ಕೆರೆಗೇ ಇಳ್ಸ್‌ಬುಟ್ರಿ!"

"ಕೆಳಗಡೆಯಿಂದ ನೀರು ಯಾಕೆ ಬರ್ತಿದೆ?"

"ತೂತು ಒಡ್ದಿವ್ನಿ ಕಣಮ್ಮ, ಆರು. ಜೀಪ್‌ಗಳ್ಗೆಲ್ಲ ಒಡೀತೀನಲ್ಲ, ಮಳೆ ನೀರು ನಿಂತು ತುಕ್ಕು ಇಡೀಬಾರ್ದು ಅಂತ."

"ಇದು ಪ್ಲಾಸ್ಟಿಕ್ ಕಣಯ್ಯಾ! ಪ್ಲಾಸ್ಟಿಕ್ಕಿಗೆ ತುಕ್ಕು ಹಿಡಿಯುತ್ತೇನಯ್ಯಾ?"

"ಕೆರೆಗಿಳಿಸ್ತೀನಿ ಅಂತ ಒಂದ್ ಮಾತೇಳಿದ್ರಾ ನೀವು?"

ಲೇಡಿಯಾದವಳು ದನಿ ಏರಿಸಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಹತ್ತು ವರ್ಷ ಕಲಿಸಿದ್ದರು. ಅವತ್ತು ಜೊಂಡಿನೊಳಗಿನ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಯಜಮಾನರಿದ್ದಿದ್ದರೆ ದಡದಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ನಗು ಕೇಳಿಸದ ವರ್ಷ ಅದು. ಹೇಗೋ ಇಬ್ಬರೂ ಸೇರಿ ಗಾಡಿಯನ್ನು ದಡಕ್ಕೆಳೆದು ಗ್ಯಾರೇಜಿಗೆ ಮುಟ್ಟಿಸಿದೆವು.

ಚಾಮರಾಜನಗರದ ನಮ್ಮ ಬೀದಿಗೆ ಒಡೆದ ಪ್ಲಾಸ್ಟಿಕ್ ಬಿಂದಿಗೆಗಳಿಗೆ ಬೆಸುಗೆ ಹಾಕುವವನೊಬ್ಬ ಸೈಕಲ್ಲಿನಲ್ಲಿ ಬರುತ್ತಿದ್ದ. ಮಾರನೆಯ ದಿನ ಅವನನ್ನು ಸ್ಟವ್ ಸಮೇತ ಬಸ್ಸು ಹತ್ತಿಸಿ ಗುಂಡ್ಲುಪೇಟೆಗೆ ಕರೆದುಕೊಂಡು ಹೋದೆ. ಅವನು ಗಾಡಿಯ ಸುತ್ತ ಒಂದು ಸುತ್ತು ಬಂದು, "ಇಷ್ಟ್ ದೊಡ್ಡ ಬಿಂದ್ಗೆ ನಾ ನೋಡೇ ಇರ್ನಿಲ್ಲ ಕಣವ್ವ" ಎಂದ. ಹಳೆಯ ಬಿಂದಿಗೆಗಳ ಚೂರನ್ನು ಕಾದ ಕಬ್ಬಿಣದಲ್ಲಿ ಕರಗಿಸಿ ಆರೂ ತೂತು ಮುಚ್ಚಿದ, ನಾಲ್ಕು ನೀಲಿ, ಎರಡು ಕೆಂಪು. ಒಳಗೆ ನೀರು ತುಂಬಿಸಿ, ಕೆಳಗೆ ಬೆರಳಾಡಿಸಿ, ಒಂದು ಹನಿಯೂ ಇಲ್ಲವೆಂದು ತೋರಿಸಿದ ಮೇಲೆಯೇ ಎದ್ದ.

ವರ್ಷದ ದಿನ ಬೆಳಿಗ್ಗೆ ಒಬ್ಬಳೇ ಇಳಿದೆ. ಗಾಡಿ ತೇಲಿತು. ಗಾಲಿಗಳೇ ನೀರನ್ನು ತಳ್ಳಿಕೊಂಡು, ಜೊಂಡನ್ನು ಮಲಗಿಸಿಕೊಂಡು, ಆಚೆಯ ಹೂಳನ್ನು ಹತ್ತಿದವು. ನೋಡುತ್ತೇನೆ, ಮೈದುನ ಕುಕ್ಕರಗಾಲಿನಲ್ಲಿ ಕೂತು ಅಣ್ಣನ ಸಮಾಧಿಗೆ ಸುಣ್ಣ ಬಳಿಯುತ್ತಿದ್ದಾನೆ! ಗಾಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ಆ ಕಡೆ ಮುಟ್ಬೇಡಿ ಅತ್ತಿಗೆ, ಸುಣ್ಣ ಅಸಿ ಅದೆ."

"ಗೇಟಿನ ಬೀಗದಕೈ ಕೊಡು."

"ಅಣ್ಣನ್ನ ನಾನು ನೋಡ್ಕತಾ ಇಲ್ವಾ? ಒಂದ್ ಕಸ ಅದಾ ನೋಡಿ."

ಕಸವಿರಲಿಲ್ಲ. ಅದನ್ನು ಕಂಡು ನನಗೆ ಇನ್ನಷ್ಟು ಉರಿಯಿತು. ಹೌ ಡೇರ್ ಹಿ! ಹೆಂಡತಿಯನ್ನು ಮುಳ್ಳುತಂತಿಯ ಆಚೆ ನಿಲ್ಲಿಸಿ, ಒಳಗೆ ಗುಡಿಸಿ ಸಾರಿಸಿದರೆ ಅದು ಯಾವ ಸೀಮೆಯ ಪ್ರೀತಿ? ಮೂವತ್ನಾಲ್ಕು ವರ್ಷ ಅವರ ಜೊತೆ ಬಾಳಿದವಳು ನಾನು. ಸುಣ್ಣ ಒಣಗಿದ್ದ ಕಡೆ ವಿಭೂತಿ ಹಚ್ಚಿ, ಪತ್ರೆ ಇಟ್ಟೆ, ಕನಕಾಂಬರ ಇಟ್ಟೆ. ಅವನ ಎದುರಿಗೆ ಅಳಬಾರದೆಂದುಕೊಂಡಿದ್ದೆ. ಅತ್ತುಬಿಟ್ಟೆ.

"ಬೀಗ ತೆಗೆಯೋದಿಲ್ವಾ?" ಎಂದೆ ಎದ್ದು.

"ನೀವು ಸೈನ್ ಆಕ್ಬುಡಿ, ಇವತ್ತೇ ತೆಗೀತೀನಿ."

ಗಾಡಿ ಹತ್ತಿದೆ. ಜೊಂಡು ದಾಟುವಾಗ ತಿರುಗಿ ನೋಡಿದೆ. ನಾನಿಟ್ಟ ಹೂವು ಕದಲದಂತೆ, ಒಂದು ಕೈಯನ್ನು ಅಡ್ಡ ಹಿಡಿದು, ಅದರ ಸುತ್ತ ಸುಣ್ಣ ಬಳಿಯುತ್ತಿದ್ದ. ಅವನನ್ನು ನಾನು ಕಂಡದ್ದು ಅದೇ ಕೊನೆ.