ಶಿರೀನ್ ತಾಜ್ ಹುಡುಕಿದ ಸದ್ದಿಲ್ಲದ ಜಾಗ

ಕಡೂರಿನ ಹೊರಗೆ, ರೈಲು ಹಳಿಯ ಪಕ್ಕದ ಬಯಲಲ್ಲಿ ಬೆಳಗಿನ ಆರೂವರೆ. ಪಾಯ ತೋಡಲು ಎಳೆದ ಸುಣ್ಣದ ಗೆರೆಗಳ ನಡುವೆ ನೀರು ತುಂಬಿದ ಸ್ಟೀಲ್ ಲೋಟ ಇಟ್ಟು ಶಿರೀನ್ ತಾಜ್ ಕೂತಿದ್ದಾರೆ.

"ಭೂಮಿಪೂಜೆ ಮೊನ್ನೇನೇ ಆಯ್ತಲ್ಲ ಮೇಡಂ, ಇದ್ಯಾವ ಪೂಜೆ?" ಮೇಸ್ತ್ರಿ ಹಾಲೇಶ್ ಕಿಚಾಯಿಸುತ್ತಾರೆ.

"ಸುಮ್ನಿರಿ ಮೇಸ್ತ್ರಿ, ಗಾಡಿ ಬತ್ತೈತೆ."

ಗೂಡ್ಸ್ ಗಾಡಿ ಹಾದುಹೋಗುತ್ತದೆ. ಲೋಟದ ನೀರು ನಡುಗುತ್ತದೆ.

ಇಲ್ಲಿ ಏಳಲಿರುವುದು ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗದ ಕಟ್ಟಡ. ವಿದ್ಯಾರ್ಥಿಗಳೇ ಸುದ್ದಿ ತಂದು, ತಿದ್ದಿ, ದಿನಕ್ಕೆ ನಾಲ್ಕು ಸಲ ರೇಡಿಯೋ, ಟಿವಿಗೆ ಓದಬೇಕು. ಸುತ್ತಲ ಹಳ್ಳಿಗಳಾದ ಯಗಟಿ, ಸಿಂಗಟಗೆರೆಯವರು ಕೇಳಬೇಕು. ನಕ್ಷೆಯ ಕೆಳಗಿರುವುದು ಎಂಜಿನಿಯರ್ ವಿಶ್ವಾರಾಧ್ಯರ ಸಹಿ. ಗೆರೆಗಳೆಲ್ಲ ಅವರ ಕಚೇರಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ನಕ್ಷೆ ಬರೆಯುತ್ತಿರುವ ಶಿರೀನ್ ಅವರವು.

ಮುಖ್ಯ ಕೋಣೆ ಈಶಾನ್ಯಕ್ಕೇ ಬರಲೆಂದು ವಿಶ್ವವಿದ್ಯಾಲಯದ ಕಟ್ಟಡ ಕಮಿಟಿಯ ಹಿರಿಯರು ವಾಸ್ತು ನೋಡಿಸಿ ಹೇಳಿದರು. ಸ್ಟುಡಿಯೋ ಈಶಾನ್ಯಕ್ಕೆ ಹೋಯಿತು. ಹಳಿ ಇರುವುದೂ ಆ ಕಡೆಯೇ; ಲೋಟ ಇಟ್ಟಿರುವುದು ಆ ಸ್ಟುಡಿಯೋದ ಗೆರೆಗಳ ನಡುವೆ. "ಬರೆದೋಳು ನಾನೇ. ಬರೀವಾಗ ಹೊಳೀಲಿಲ್ಲ ನೋಡಿ," ಎನ್ನುತ್ತಾರೆ ಶಿರೀನ್. ಮೂರು ದಿನ ರಜೆ ಹಾಕಿ ಇಲ್ಲೇ ಕೂತು ಎಣಿಸಿದ್ದಾರೆ: ಬೆಳಗಿನಿಂದ ಸಂಜೆಗೆ ಇಪ್ಪತ್ತಾರು ರೈಲು. ಇವತ್ತು ಹತ್ತು ಗಂಟೆಗೆ ಜೆಸಿಬಿ ಬರುತ್ತದೆ. ಒಮ್ಮೆ ಅಗೆದರೆ ಮುಗಿಯಿತು.

ಸದ್ದಿನ ವಿದ್ಯೆ ಅವರಿಗೆ ಯಾವ ಪಾಲಿಟೆಕ್ನಿಕ್ಕೂ ಕಲಿಸಿದ್ದಲ್ಲ. ತವರುಮನೆ ಇದ್ದದ್ದು ಹಳಿಯ ಪಕ್ಕದಲ್ಲೇ. ಎರಡು ಕೋಣೆ, ಒಂಬತ್ತು ಜನ. ನಡುವೆ ಹಾಸಿಗೆ ಸುತ್ತಿಡುವ ಕಿಟಕಿಯಿಲ್ಲದ ಸಂದು. ಡಿಪ್ಲೊಮಾ ಓದಿದ್ದು ಅಲ್ಲಿ. "ರೈಲೂ ಕೇಳ್ತಿರ್ಲಿಲ್ಲ, ಅಮ್ಮಿ ಕೂಗೋದೂ ಕೇಳ್ತಿರ್ಲಿಲ್ಲ. ಆಮೇಲೆ ಬೈಸ್ಕಂತಿದ್ದೆ," ಎಂದು ನಗುತ್ತಾರೆ.

ಎಂಟಕ್ಕೆ ವಿಶ್ವಾರಾಧ್ಯರು ಬರುತ್ತಾರೆ. ಶಿರೀನ್ ಹೊಸ ನಕ್ಷೆ ಬಿಚ್ಚುತ್ತಾರೆ. ಸ್ಟುಡಿಯೋ ಕಟ್ಟಡದ ಹೊಟ್ಟೆಯೊಳಗಿದೆ. ಸುತ್ತ ಗ್ರಂಥಾಲಯ, ಪಡಸಾಲೆ, ಸಾಮಾನಿನ ಕೋಣೆ. ಈಶಾನ್ಯದಲ್ಲಿ ವರದಿಗಾರರು ಕೂತು ಬರೆಯುವ ಹಜಾರ.

"ಕಮಿಟಿಯೋರು ಸಹಿ ಹಾಕಾಯ್ತಲ್ಲಮ್ಮ! ಈಗ ಹೋಗಿ ಏನಂತ ಹೇಳ್ಲಿ?"

"ಈಶಾನ್ಯದಲ್ಲಿ ಸುದ್ದಿ ಹುಟ್ಟುತ್ತೆ ಅನ್ನಿ ಸಾರ್. ಓದೋದು ಮಾತ್ರ ಒಳಗೆ. ಇಲ್ಲಿ ಓದಿದ್ರೆ ಜನ ಸುದ್ದಿ ಕೇಳಲ್ಲ, ರೈಲಿನ ಟೈಮ್ ತಿಳ್ಕಂತಾರೆ."

ಹಾಲೇಶ್ ಜೋರಾಗಿ ನಕ್ಕು, ಎಂಜಿನಿಯರ್ ಮುಖ ನೋಡಿ ನಗುವನ್ನು ಕೆಮ್ಮಾಗಿಸುತ್ತಾರೆ. ವಿಶ್ವಾರಾಧ್ಯರು ಲೋಟದ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಾರೆ. ಒಂದು ರೈಲು, ಇನ್ನೊಂದು ರೈಲು. ಎದ್ದು ಮಂಡಿ ನೀವಿಕೊಂಡು, ಕಮಿಟಿಯವರ ನಂಬರ್ ಹುಡುಕಲು ಫೋನ್ ತೆಗೆದು, "ಹಾಲೇಶ, ಜೆಸಿಬಿಯವನಿಗೆ ನಾಡಿದ್ದು ಬಾ ಅನ್ನು. ಕಮಿಟಿ ಹತ್ರ ನಾನು ಮಾತಾಡ್ತೀನಿ. ಈ ಗೆರೆ ಅಳಿಸ್ರಪ್ಪ," ಎನ್ನುತ್ತಾರೆ.

ಶಿರೀನ್ ತಾವೇ ಚಪ್ಪಲಿಯಿಂದ ಸುಣ್ಣ ಕೆದಕತೊಡಗುತ್ತಾರೆ. ಕಟ್ಟಡದ ಕಲ್ಲಿನ ಮೇಲೆ ನಿಮ್ಮ ಹೆಸರು ಬರಬೇಡವೇ ಎಂದು, ಪತ್ರಿಕೆಗೆ ಬರೆಯಲು ಬಂದ ನಾನು ಕೇಳುತ್ತೇನೆ.

"ಹೆಸರೆಲ್ಲ ಯಾಕ್ರೀ? ಸ್ಟುಡಿಯೋ ಆದ್ಮೇಲೆ, ಮೈಕ್ ಗೀಕ್ ಬರೋದ್ಕಿಂತ ಮುಂಚೆ, ನಾನೊಬ್ಳೇ ಒಳಗೆ ಹೋಗಿ ಬಾಗ್ಲು ಹಾಕ್ಕಂಡು ಐದು ನಿಮಿಷ ಕೂತ್ಕಬೇಕು. ಹೊರಗಿಂದ ಶಿರೀನ್ ಅಂತ ಯಾರು ಎಷ್ಟು ಕೂಗಿದ್ರೂ ನಂಗೆ ಕೇಳ್ಬಾರ್ದು. ಅಷ್ಟಾದ್ರೆ ಕೆಲ್ಸ ಸರಿಯಾಗಿದೆ ಅಂತ."